ಮನೆಯ ನೆನಪು ದೌರ್ಬಲ್ಯವಲ್ಲ



ಮಾಲಿಕ್ ಬಿನ್ ಹುವೈರಿಸ್(ರ) ತಮ್ಮ ಓರಗೆಯ ಯುವಕರೊಂದಿಗೆ ದೀನ್ ಕಲಿಯಲು ಮದೀನಾಕ್ಕೆ ಬಂದಿದ್ದರು. 20 ರಾತ್ರಿ ಪ್ರವಾದಿವರ್ಯರ(ಸ) ಬಳಿ ತಂಗಿದರು. ಅವರಿಗೆ ಮನೆಯ ನೆನಪು ಕಾಡುತ್ತಿದೆಯೆಂದು ಪ್ರವಾದಿವರ್ಯರು(ಸ) ತಾವಾಗಿಯೇ ಅರಿತರು. ಊರಲ್ಲಿ ಯಾರ್ಯಾರನ್ನು ಬಿಟ್ಟು ಬಂದಿದ್ದೀರೆಂದು ವಿಚಾರಿಸಿದರು. ಮನೆಯವರ ಬಳಿಗೆ ಮರಳಿ ಅವರೊಂದಿಗೇ ಇರಬೇಕು, ಕಲಿತದ್ದನ್ನು ಅವರಿಗೂ ಕಲಿಸಬೇಕು, ತಾನು ಮಾಡುವುದನ್ನು ಕಂಡಂತೆಯೇ ನಮಾಝ್ ಮಾಡಬೇಕು, ಒಬ್ಬರು ಅಝಾನ್ ಕೊಟ್ಟು ಹಿರಿಯರು ಇಮಾಮರಾಗಬೇಕು ಎಂದು ಹೇಳಿ ಕಳುಹಿಸಿದರು. ಸಹೀಹ್ ಬುಖಾರಿಯಲ್ಲಿ ಈ ಘಟನೆಯಿದೆ. ಇದನ್ನು ನೆನೆಯುವಾಗ ಮಾಲಿಕ್(ರ) ಪ್ರವಾದಿವರ್ಯರ(ಸ) ಕರುಣೆಯನ್ನು ವಿಶೇಷವಾಗಿ ಹೇಳುತ್ತಾರೆ.

ಮನೆಯ ನೆನಪನ್ನು ಅವರು ಹೀಯಾಳಿಸಲಿಲ್ಲ. ಕಲಿಕೆ ಆ ಯುವಕರನ್ನು ಮನೆಯಿಂದ ದೂರ ಮಾಡಲಿಲ್ಲ, ಅವರೊಂದಿಗೆ ಮನೆಗೇ ತಲುಪಿತು.

ಇಂದು ನಮ್ಮ ಮಕ್ಕಳು ಹಾಸ್ಟೆಲ್‌ಗಳಲ್ಲಿದ್ದಾರೆ. ಫೋನಿನಲ್ಲಿ ನಾವು ಕೇಳುವುದು ಮಾರ್ಕು ಮತ್ತು ಫೀಸಿನ ವಿಷಯ ಮಾತ್ರ. 'ಊಟ ಸೇರುತ್ತಿದೆಯಾ, ಮನಸ್ಸು ಹೇಗಿದೆ?' ಎಂದೂ ಕೇಳೋಣ. ಅಳು ಬಂದರೆ ಅಳಲು ಬಿಡೋಣ. ಮಕ್ಕಳೂ ಹಣ ಬೇಕಾದಾಗ ಮಾತ್ರವಲ್ಲ, ಸುಮ್ಮನೆಯೂ ಉಮ್ಮನಿಗೆ ಫೋನ್ ಮಾಡಲಿ. ರಜೆಗೆ ಬಂದವರು ಬಾಗಿಲು ಹಾಕಿಕೊಂಡು ಮೊಬೈಲ್ ನೋಡುವ ಬದಲು ತಂಗಿಗೊಂದು ಸೂರಾ ಕಲಿಸಲಿ, ಅಜ್ಜಿಯ ಬಳಿ ಕೂರಲಿ.

ಅಲ್ಲಾಹನು ನಮ್ಮ ಮನೆಗಳಲ್ಲಿ ಪ್ರೀತಿಯನ್ನು ಉಳಿಸಲಿ. ಆಮೀನ್.