ಡಾರ್ವಿನ್ನನ ಅಂಚೆಚೀಲ

ಚಾರ್ಲ್ಸ್ ಡಾರ್ವಿನ್ ತನಗೆ ಬಂದ ಕಾಗದಗಳನ್ನು ತಂತಿಗೆ ಚುಚ್ಚಿ ಇಡುತ್ತಿದ್ದ. ತಂತಿಗಳೆಲ್ಲ ತುಂಬಿದರೆ ಕೆಲವು ವರ್ಷಗಳ ಕಾಗದಗಳನ್ನು ಒಮ್ಮೆಗೇ ಸುಟ್ಟುಬಿಡುವುದು ರೂಢಿ. 1862ರ ಸುಮಾರಿಗೆ ಅದು ನಿಂತಿತು. ಕೆಲಸಕ್ಕೆ ಬರುವ ಸಂಗತಿ ಯಾವುದಾದರೂ ಪತ್ರದಲ್ಲಿ ಕಂಡರೆ ಅಷ್ಟನ್ನೇ ಕತ್ತರಿಸಿ, ಆ ವಿಷಯದ ಕಡತಕ್ಕೆ ಸೇರಿಸುತ್ತಿದ್ದ. ಇಷ್ಟಾಗಿಯೂ ಅವನು ಬರೆದ, ಅವನಿಗೆ ಬಂದ ಸುಮಾರು 15,000 ಪತ್ರಗಳು ಇಂದು ನಮಗೆ ಸಿಕ್ಕಿವೆ.

ಅವನ್ನು ಹುಡುಕಿ, ತುಂಡುಗಳನ್ನು ಜೋಡಿಸಿ, ಇಸವಿ ಇಲ್ಲದವಕ್ಕೆ ಕಾಲ ಗೊತ್ತುಮಾಡಿ, ಟಿಪ್ಪಣಿ ಸಹಿತ ಅಚ್ಚಿಗೆ ತಂದದ್ದು ‘ಡಾರ್ವಿನ್ ಕರೆಸ್ಪಾಂಡೆನ್ಸ್ ಪ್ರಾಜೆಕ್ಟ್’. ಅಮೆರಿಕದ ಫ್ರೆಡರಿಕ್ ಬರ್ಕ್‌ಹಾರ್ಟ್ 1974ರಲ್ಲಿ ಪ್ರಾಣಿವಿಜ್ಞಾನಿ ಸಿಡ್ನಿ ಸ್ಮಿತ್ ಜೊತೆ ಇದನ್ನು ಕೈಗೆತ್ತಿಕೊಂಡರು. ಇದರ ನೆಲೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯ. ಮೊದಲ ಸಂಪುಟ ಬಂದದ್ದು 1985ರಲ್ಲಿ. ಕೊನೆಯದಾದ 30ನೆಯದು 2023ರಲ್ಲಿ. ಬರ್ಕ್‌ಹಾರ್ಟ್ 2007ರಲ್ಲೇ ತೀರಿಕೊಂಡಿದ್ದರು. ಪತ್ರಗಳನ್ನು ಈಗ ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು.

ಓದಬೇಕು ಕೂಡ. ಒಂಟಿ ಮೇಧಾವಿ ಎಂದು ನಾವು ಪಾಠಪುಸ್ತಕದಲ್ಲಿ ಕಂಡ ಡಾರ್ವಿನ್ ಈ ಸಂಪುಟಗಳಲ್ಲಿ ಸಿಗುವುದಿಲ್ಲ. ಬೀಗಲ್ ಹಡಗಿನ ಯಾನ ಮುಗಿಸಿ 1836ರಲ್ಲಿ ಮರಳಿದವನು ಮತ್ತೆ ಬ್ರಿಟನ್ ಬಿಟ್ಟು ಹೋಗಲಿಲ್ಲ. 1842ರಿಂದ ಕೊನೆಯತನಕ ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಯಲ್ಲೇ ವಾಸ, ಜೊತೆಗೆ ಬಿಡದ ಅನಾರೋಗ್ಯ. ಆದರೆ 1840ರಲ್ಲಿ ಪೆನ್ನಿ ಅಂಚೆ ಬಂದಿತ್ತು. ದೇಶದೊಳಗೆ ಎಲ್ಲಿಗೇ ಆದರೂ ಒಂದು ಪೆನ್ನಿಗೆ ಕಾಗದ ಹೋಗುತ್ತಿತ್ತು. ತೋಟದ ಮಾಲಿ, ಪಾರಿವಾಳ ಸಾಕುವವ, ಸೇನಾ ವೈದ್ಯ, ಪಾದ್ರಿ ಎಲ್ಲರಿಗೂ ಬರೆದ. ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಆಮೇಲೆ ತೀರ ಖಚಿತವಾದ ಪ್ರಶ್ನೆ ಇಡುವುದು ಅವನ ಕ್ರಮ. ಜೀವಜಾತಿಗಳು ಬದಲಾಗುತ್ತವೆ ಎಂಬ ಗುಮಾನಿಯನ್ನು 1844ರ ಜನವರಿಯಲ್ಲಿ ಸಸ್ಯವಿಜ್ಞಾನಿ ಹೂಕರ್‌ಗೆ ಹೇಳಿಕೊಂಡದ್ದೂ ಕಾಗದದಲ್ಲೇ. ಕೊಲೆಯನ್ನು ಒಪ್ಪಿಕೊಂಡಷ್ಟು ಅಳುಕು ಆ ಸಾಲಿನಲ್ಲಿದೆ. 1862ರಲ್ಲಿ ಮಗ ಲೆನರ್ಡ್ ಜ್ವರದಲ್ಲಿ ಮಲಗಿದ್ದಾಗ, ಹಾರ್ವರ್ಡಿನ ಸಸ್ಯವಿಜ್ಞಾನಿ ಏಸಾ ಗ್ರೇಗೆ ಹೋದ ಪತ್ರಗಳಲ್ಲಿ ಹೂವಿನ ರಚನೆಯ ಜೊತೆ ಮಗನ ಸಂಗ್ರಹಕ್ಕೆ ಅಮೆರಿಕದ ಅಂಚೆಚೀಟಿಗಳ ಬೇಡಿಕೆಯೂ ಇತ್ತು.

ನಮಗೆ ಹತ್ತಿರದ ಒಬ್ಬನೂ ಈ ಬಳಗದಲ್ಲಿದ್ದಾನೆ: ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಹತನಾದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕು, ಜೀವಸಹಿತ ಹೊರಬಂದ ಇಬ್ಬರು ಕಿರಿಯ ಅಧಿಕಾರಿಗಳಲ್ಲಿ ಒಬ್ಬ. ಧಾರವಾಡ ಸೀಮೆಯಲ್ಲಿದ್ದ ವರ್ಷಗಳಲ್ಲಿ ಊರೂರಿನ ಶಾಸನಗಳನ್ನು ನಕಲು ಮಾಡಿಸಿದ; ಅಲ್ಲಿನ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ. ಮುಂದೆ ಅವನು ಮದರಾಸಿನಲ್ಲಿದ್ದಾಗ, 1856ರಲ್ಲಿ ಡಾರ್ವಿನ್ ಕಾಗದ ಬರೆದು ಸಾಕುಪಾರಿವಾಳ, ಕೋಳಿಗಳ ಚರ್ಮ ಕಳಿಸುವಂತೆ ಕೇಳಿದ. ಕಾಡುಹಕ್ಕಿಗಳಲ್ಲ, ಜನ ಮನೆಯಲ್ಲಿ ಸಾಕಿದವೇ ಬೇಕಿದ್ದವು. ಮನುಷ್ಯ ಆರಿಸಿ ಆರಿಸಿ ತಳಿ ಬೆಳೆಸಿದರೆ ಒಂದೇ ಮೂಲದ ಹಕ್ಕಿ ಎಷ್ಟು ಬಗೆಯಾಗಬಲ್ಲದು ಎಂದು ತೋರಿಸುವುದು ಅವನ ವಾದಕ್ಕೆ ಬುನಾದಿ. ಚರ್ಮಗಳು ಹೋದವು. 1859ರ ‘ಆರಿಜಿನ್ ಆಫ್ ಸ್ಪೀಷೀಸ್’ ಕೃತಿಯ ಮೊದಲ ಅಧ್ಯಾಯದಲ್ಲೇ ಎಲಿಯಟ್‌ಗೆ ಕೃತಜ್ಞತೆ ಸಂದಿದೆ. ಪಾರಿವಾಳಗಳ ಬಗೆಗಿನ ಹಳೆಯ ಪರ್ಷಿಯನ್ ಗ್ರಂಥವೊಂದರ ಅನುವಾದವೂ ಡಾರ್ವಿನ್ನನಿಗೆ ಸಿಕ್ಕಿದ್ದು ಇವನಿಂದಲೇ. ಆ ಹಕ್ಕಿಗಳನ್ನು ಹಿಡಿದು ಚರ್ಮ ಸುಲಿದು ಹದಮಾಡಿದ ಕೈಗಳ ಹೆಸರು ಮಾತ್ರ ಪುಸ್ತಕದಲ್ಲಿಲ್ಲ. ನನಗೆ ಇದು ನೋವಿನ ಸಂಗತಿ.

1867ರಲ್ಲಿ ಡಾರ್ವಿನ್ ಒಂದು ಪ್ರಶ್ನಾವಳಿಯನ್ನೇ ಅಚ್ಚು ಹಾಕಿಸಿ ದೇಶದೇಶಗಳಿಗೆ ಕಳಿಸಿದ: ಜನ ಬೆರಗಾದಾಗ ಹುಬ್ಬು ಮೇಲೇರುತ್ತದೆಯೇ, ನಾಚಿದಾಗ ಮುಖ ಕೆಂಪಾಗುತ್ತದೆಯೇ, ಹೀಗೆ 16 ಪ್ರಶ್ನೆ. 36 ಉತ್ತರ ಬಂದವು. ಕಲ್ಕತ್ತದಿಂದ ಉತ್ತರಿಸಿದವನು ಜಾನ್ ಸ್ಕಾಟ್. ಎಡಿನ್‌ಬರೊದಲ್ಲಿ ಮಾಲಿಯಾಗಿದ್ದ ಅವನನ್ನು ಡಾರ್ವಿನ್ ತಾನೇ ಹಡಗಿನ ಖರ್ಚು ಕೊಟ್ಟು ಭಾರತಕ್ಕೆ ಕಳಿಸಿದ್ದ.

ಕೊನೆಯ ಸಂಪುಟದಲ್ಲಿರುವುದು 1882ರ ಪತ್ರಗಳು. ಆ ಫೆಬ್ರವರಿಯಲ್ಲಿ ನಾರ್ಥಾಂಪ್ಟನ್ನಿನಿಂದ ಡಬ್ಲ್ಯೂ. ಡಿ. ಕ್ರಿಕ್ ಎಂಬ ಪಾದರಕ್ಷೆ ತಯಾರಕ ಬರೆದ: ನೀರಿನ ಜೀರುಂಡೆಯೊಂದರ ಕಾಲಿಗೆ ಪುಟ್ಟ ಚಿಪ್ಪುಜೀವಿ ಕಚ್ಚಿಕೊಂಡಿತ್ತು. ಸಿಹಿನೀರಿನ ಜೀವಿಗಳು ಕೊಳದಿಂದ ಕೊಳಕ್ಕೆ ಹೇಗೆ ಸಾಗುತ್ತವೆ ಎಂಬುದು ಡಾರ್ವಿನ್ನನ ಹಳೆಯ ಒಗಟು. 73ರ ಮುದುಕ ಮರುಪತ್ರದಲ್ಲಿ ಕೇಳಿದ: ಚಿಪ್ಪಿನ ಅಗಲ ಎಷ್ಟು, ಹಿಡಿದದ್ದು ಯಾವ ಕಾಲನ್ನು? ಅವನು ತೀರಿಕೊಳ್ಳುವ ಎರಡು ವಾರ ಮೊದಲು, ಏಪ್ರಿಲ್ 6ರ ‘ನೇಚರ್’ ಪತ್ರಿಕೆಯಲ್ಲಿ ಈ ಕುರಿತು ಅವನು ಬರೆದ ಟಿಪ್ಪಣಿ ಅಚ್ಚಾಯಿತು, ಕ್ರಿಕ್‌ನ ಹೆಸರಿನೊಂದಿಗೆ.