ಶ್ರವಣ ಪರೀಕ್ಷೆಯ ವರದಿ: ಸರಾಸರಿಯಲ್ಲಿ ಮರೆಯಾಗುವ ನಷ್ಟ

ವಿದ್ಯುತ್ ಮಗ್ಗ, ಫೋರ್ಜಿಂಗ್, ಶೀಟ್ ಮೆಟಲ್ ಮುಂತಾದ ಸದ್ದಿನ ಘಟಕಗಳಲ್ಲಿ ಕಾರ್ಮಿಕರಿಗೆ ಶ್ರವಣ ಪರೀಕ್ಷೆ ಮಾಡಿಸಿದಾಗ ವರದಿಯ ಕೊನೆಯ ಸಾಲನ್ನಷ್ಟೇ ಓದುವುದು ರೂಢಿ. ‘ಸಾಮಾನ್ಯ ಮಿತಿಯೊಳಗಿದೆ’ ಎಂದಿದ್ದರೆ ಅದು ನೇರವಾಗಿ ಕಡತಕ್ಕೆ ಸೇರುತ್ತದೆ. ಆದರೆ ಮಾಲೀಕರು ಗಮನಿಸಬೇಕಾದ ಸಂಗತಿ ಇರುವುದು ಆ ಸಾಲಿನಲ್ಲಲ್ಲ, ಅದರ ಮೇಲಿನ ನಕ್ಷೆಯಲ್ಲಿ.

ಆಡಿಯೋಗ್ರಾಂ ಎಂಬ ಈ ನಕ್ಷೆಯ ಅಡ್ಡಸಾಲಿನಲ್ಲಿ ಧ್ವನಿಯ ಆವರ್ತನವನ್ನು ಎಡದಿಂದ ಬಲಕ್ಕೆ 250ರಿಂದ 8,000 ಹರ್ಟ್ಸ್‌ವರೆಗೆ ಗುರುತಿಸಿರುತ್ತಾರೆ. ಎಡಕ್ಕೆ ಗಡಸು ಧ್ವನಿ, ಬಲಕ್ಕೆ ಕೀರಲು ಧ್ವನಿ. ಲಂಬಸಾಲಿನಲ್ಲಿರುವುದು ಡೆಸಿಬೆಲ್; ಅದರ ಅಂಕಿ ಕೆಳಮುಖವಾಗಿ ಹೆಚ್ಚುತ್ತದೆ. ಗೆರೆ ಇಳಿದಷ್ಟೂ ದೋಷ ಹೆಚ್ಚೆಂದು ತಿಳಿಯಬೇಕು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಕಿವಿಯ ಹಿಂದಿನ ಮೂಳೆಯ ಮೂಲಕ ಅಳೆದ ಗೆರೆ ಸರಿಯಿದ್ದು, ಹೆಡ್‌ಫೋನ್ ಮೂಲಕ ಅಳೆದ ಗೆರೆ ಮಾತ್ರ ಇಳಿದಿದ್ದರೆ ಗುಗ್ಗೆ, ತಮಟೆಯ ರಂಧ್ರ ಮುಂತಾದ ಕಾರಣಗಳಿರಬಹುದು. ಇವುಗಳಿಗೆ ಬಹುಮಟ್ಟಿಗೆ ಚಿಕಿತ್ಸೆಯುಂಟು. ಎರಡೂ ಒಟ್ಟಿಗೆ ಇಳಿದಿದ್ದರೆ ದೋಷವಿರುವುದು ಒಳಗಿವಿಯಲ್ಲಿ ಅಥವಾ ನರದಲ್ಲಿ. 40 ಡೆಸಿಬೆಲ್ ಎಂದರೆ ಶೇಕಡ 40 ಕಿವುಡು ಎಂದರ್ಥವಲ್ಲ. ಇದು ಬಡ್ಡಿ ಲೆಕ್ಕದಂತಹ ಅಳತೆಯಲ್ಲ. ಪ್ರತಿ 10 ಡೆಸಿಬೆಲ್‌ಗೆ ಧ್ವನಿಯ ಶಕ್ತಿ ಹತ್ತು ಪಟ್ಟಾಗುತ್ತದೆ.

ಈಗ ಸರಾಸರಿಯ ವಿಚಾರ. ಉದಾಹರಣೆಗೆ, ಮಗ್ಗದ ಶೆಡ್ಡಿನ ಕಾರ್ಮಿಕನೊಬ್ಬನ ವರದಿಯಲ್ಲಿ 500 ಹರ್ಟ್ಸ್‌ಗೆ 10, 1,000ಕ್ಕೆ 15, 2,000ಕ್ಕೆ 20, 4,000ಕ್ಕೆ 55, 8,000ಕ್ಕೆ 30 ಡೆಸಿಬೆಲ್ ಎಂದಿದೆಯೆನ್ನೋಣ. ಮೊದಲ ಮೂರರ ಸರಾಸರಿ 15. ಹಳೆಯ ಲೆಕ್ಕದಂತೆ 25ರವರೆಗೆ ಸಾಮಾನ್ಯ. ಆದ್ದರಿಂದ ವರದಿ ನಿರ್ದೋಷ. 4,000ದ ಅಂಕಿಯನ್ನೂ ಸೇರಿಸಿದರೆ ಸರಾಸರಿ 25ಕ್ಕೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ 20ರಿಂದಲೇ ದೋಷ ಆರಂಭ. ಮೂರು ಶಾಖೆಗಳ ಲಾಭದಲ್ಲಿ ನಾಲ್ಕನೆಯದರ ನಷ್ಟ ಮರೆಯಾದಂತಹ ಪರಿಸ್ಥಿತಿಯಿದು.

4,000ದ ಆಸುಪಾಸಿನಲ್ಲಿ ಹಳ್ಳ ಬಿದ್ದು 8,000ದ ಕಡೆಗೆ ಮತ್ತೆ ಮೇಲೇರುವ ಗೆರೆ, ಸದ್ದಿನಿಂದಾದ ಹಾನಿಯ ಗುರುತು. ವಯಸ್ಸಿನ ಕಿವುಡಿನಲ್ಲಿ ಗೆರೆ ಸಾಮಾನ್ಯವಾಗಿ ಬಲಕ್ಕೆ ಇಳಿಯುತ್ತಲೇ ಹೋಗುತ್ತದೆ. ‘ಧ್ವನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ’ ಎಂದು ಕಾರ್ಮಿಕರು ಹೇಳುವುದು ಇದರಿಂದಲೇ. ಸಕಾರ, ಶಕಾರಗಳ ಸದ್ದು ಹೆಚ್ಚಾಗಿ ಮೇಲಿನ ಆವರ್ತನಗಳಲ್ಲಿರುತ್ತದೆ. ಒಳಗಿವಿಯಲ್ಲಿ ನಾಶವಾದ ಕೋಶಗಳು ಮನುಷ್ಯನಲ್ಲಿ ಮರಳಿ ಬೆಳೆಯುವುದಿಲ್ಲ. ಈ ಹಳ್ಳವನ್ನು ಮೊದಲ ವರ್ಷವೇ ಕಂಡರೆ ಸದ್ದು ತಗ್ಗಿಸಿ, ಇಯರ್‌ಪ್ಲಗ್ ಒದಗಿಸಿ ಮುಂದಿನ ಹಾನಿ ತಡೆಯಬಹುದು.

ಕೆಲಸಕ್ಕೆ ಸೇರುವಾಗಿನ ಪರೀಕ್ಷೆಯೇ ಇಲ್ಲಿ ಆರಂಭಿಕ ಶಿಲ್ಕು. ಅದಿಲ್ಲದಿದ್ದರೆ ದೋಷ ಹಿಂದಿನ ಘಟಕದ್ದೋ ಇಲ್ಲಿನದೋ ಎಂದು ಹೇಳುವುದು ಕಷ್ಟ. ಅಮೆರಿಕದ ನಿಯಮದಂತೆ ಮೊದಲ ಪರೀಕ್ಷೆಗೆ ಮುನ್ನ 14 ಗಂಟೆ ಕಾಲ ಕಾರ್ಮಿಕನು ಕೆಲಸದ ಸದ್ದಿನಿಂದ ದೂರವಿರಬೇಕು. ಆಮೇಲಿನ ಪರೀಕ್ಷೆಯಲ್ಲಿ 2,000, 3,000, 4,000 ಹರ್ಟ್ಸ್‌ಗಳ ಸರಾಸರಿ 10 ಡೆಸಿಬೆಲ್ ಕುಸಿದರೆ ಕ್ರಮ ಕೈಗೊಳ್ಳಬೇಕು. ಪಾಳಿ ಮುಗಿಸಿ ಬಂದವನನ್ನು ಕ್ಯಾಂಟೀನಿನ ಮೂಲೆಯಲ್ಲಿ ಕೂರಿಸಿ ಮಾಡಿದ ಪರೀಕ್ಷೆ, ಖರ್ಚಿಗೆ ಮಾತ್ರ ದಾಖಲೆ.

ಸದ್ದಿನಿಂದಾಗುವ ಶ್ರವಣ ನಷ್ಟವು 1948ರ ಕಾರ್ಖಾನೆಗಳ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಅಧಿಕಾರಿಗಳಿಗೆ ತಿಳಿಸಲೇಬೇಕಾದ ರೋಗವಾಗಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ, ವೃತ್ತಿ ಸುರಕ್ಷತೆಗೆ ಸಂಬಂಧಿಸಿದ 2020ರ ಸಂಹಿತೆಯಲ್ಲೂ ಅದು ಉಳಿದಿದೆ. ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಅದು ಪರಿಹಾರಕ್ಕೆ ಅರ್ಹವಾದ ವೃತ್ತಿರೋಗ. ಇ.ಎಸ್.ಐ. ವ್ಯಾಪ್ತಿಗೆ ಬಾರದ ಕಾರ್ಮಿಕನ ಪರಿಹಾರದ ಹೊಣೆ ಮಾಲೀಕನದೇ. ಆದುದರಿಂದ ಪರೀಕ್ಷಾ ಕೇಂದ್ರದಿಂದ ಸಾರಾಂಶ ಪತ್ರವನ್ನಷ್ಟೇ ಪಡೆಯದೆ, ಪ್ರತಿ ಕಾರ್ಮಿಕನ ಮೂಲ ನಕ್ಷೆಯನ್ನೂ ಉಪಕರಣದ ಕ್ಯಾಲಿಬ್ರೇಷನ್ ದಿನಾಂಕವನ್ನೂ ಕೇಳಿ ಪಡೆದು, ವರ್ಷವಾರು ಜೋಡಿಸಿಡಬೇಕು. ನಕ್ಷೆಯಲ್ಲಿ ಸಂದೇಹವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮರುಪರೀಕ್ಷೆ ಮಾಡಿಸಬಹುದು.