ಪರದೆಯಲ್ಲಿ ಅಡಗಿ ಟೇಪಿಗೆ ಇಳಿದ ಪ್ರೋಗ್ರಾಂಗಳು

ಟಿ.ವಿ.ಗೆ ಜೋಡಿಸಿ ಆಡುವ ಯಂತ್ರವೊಂದನ್ನು ಪಿನ್‌ಬಾಲ್ ಯಂತ್ರಗಳಿಗೆ ಹೆಸರಾಗಿದ್ದ ಶಿಕಾಗೋದ ಬ್ಯಾಲಿ ಕಂಪನಿ 1978ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಹೆಸರು ‘ಬ್ಯಾಲಿ ಪ್ರೊಫೆಷನಲ್ ಆರ್ಕೇಡ್’. ಕೆಲವು ವರ್ಷಗಳಲ್ಲಿ ಒಡೆತನ ಬದಲಾಗಿ ‘ಆಸ್ಟ್ರೊಕೇಡ್’ ಆಯಿತು. ವ್ಯಾಪಾರದಲ್ಲಿ ಅಟಾರಿಯ ಎದುರು ಅದು ಗೆಲ್ಲಲಿಲ್ಲ. ಆದರೂ ಅದನ್ನು ಕೊಂಡ ಒಂದಷ್ಟು ಜನ ಆಟ ಆಡುವುದಕ್ಕಿಂತ ಹೆಚ್ಚಾಗಿ ಆಟ ಬರೆಯುವುದರಲ್ಲಿ ಮುಳುಗಿದರು. ಅವರ ಕೈಕೆಲಸ ಇವತ್ತಿಗೂ ಉಳಿದಿದೆ ಎಂದರೆ ಅದರ ಪುಣ್ಯವೆಲ್ಲ ಮಾಮೂಲಿ ಕ್ಯಾಸೆಟ್ಟಿಗೆ ಸೇರಬೇಕು.

ಬರೆಯಲು ಬೇಕಾದ ‘ಬ್ಯಾಲಿ ಬೇಸಿಕ್’ ಕಾರ್ಟ್ರಿಜ್ಜನ್ನು ರೂಪಿಸಿದವರು ಜೇಮಿ ಫೆಂಟನ್. ಲಿ-ಚೆನ್ ವಾಂಗ್ ಬರೆದಿದ್ದ ‘ಪಾಲೊ ಆಲ್ಟೊ ಟೈನಿ ಬೇಸಿಕ್’ ಅದಕ್ಕೆ ತಳಹದಿ. ಯಂತ್ರಕ್ಕೆ ಕೀಬೋರ್ಡ್ ಇರಲಿಲ್ಲ. ಕ್ಯಾಲ್ಕ್ಯುಲೇಟರಿನಂಥ 24 ಗುಂಡಿಗಳ ಮೇಲೆ ಒಂದು ಹಾಳೆ ಹೊದಿಸಿ, ಮೊದಲು ಬಣ್ಣದ ಗುಂಡಿ, ಆಮೇಲೆ ಬೇಕಾದ ಅಕ್ಷರದ ಗುಂಡಿ ಒತ್ತಬೇಕು. ಒಂದು ಸಾಲು ಬರೆಯುವಷ್ಟರಲ್ಲಿ ಬೆರಳು ಸೋಲುತ್ತಿತ್ತು.

ನನಗೆ ಅತಿ ಹೆಚ್ಚು ಬೆರಗು ಹುಟ್ಟಿಸುವುದು ಜಾಗದ ಲೆಕ್ಕ. ಯಂತ್ರದಲ್ಲಿದ್ದ ನೆನಪಿನ ಜಾಗ ಒಟ್ಟು 4 ಕಿಲೋಬೈಟ್, ಅಂದರೆ 4,096 ಬೈಟ್. ಪರದೆಯ ಪೂರ್ತಿ ಚಿತ್ರವೊಂದಕ್ಕೇ 4,080 ಬೈಟ್ ಬೇಕು. ಹಾಗಿದ್ದ ಮೇಲೆ ಪ್ರೋಗ್ರಾಂ ಎಲ್ಲಿಡುವುದು? ಚಿತ್ರದ ಒಂದೊಂದು ಚುಕ್ಕಿಗೂ ಎರಡು ಬಿಟ್‌ಗಳಿದ್ದವು. ಫೆಂಟನ್ ಒಂದನ್ನು ಮಾತ್ರ ಚಿತ್ರಕ್ಕೆ ಬಿಟ್ಟು, ಇನ್ನೊಂದರಲ್ಲಿ ಪ್ರೋಗ್ರಾಂ ಕೂರಿಸಿದರು. ಆ ಎರಡನೆಯ ಬಿಟ್ ಏನೇ ಇದ್ದರೂ ಬಣ್ಣ ಬದಲಾಗದಂತೆ ಹೊಂದಿಸಿದರು. ನೋಡುವವರ ಕಣ್ಣೆದುರಿನ ಪರದೆಯೊಳಗೇ ಸುಮಾರು 1,800 ಬೈಟ್‌ನ ಪ್ರೋಗ್ರಾಂ ಕಾಣದಂತೆ ಕೂತಿರುತ್ತಿತ್ತು. ಇಷ್ಟು ಸೊಗಸಾದ ಉಪಾಯ ಈ ಕ್ಷೇತ್ರದಲ್ಲಿ ಅಪರೂಪ.

ಆದರೆ ಕರೆಂಟ್ ಹೋದರೆ ಎಲ್ಲವೂ ಮಾಯ. ಅಟಾರಿಯ ‘ಬೇಸಿಕ್ ಪ್ರೋಗ್ರಾಮಿಂಗ್’ ಕಾರ್ಟ್ರಿಜ್ ಇಲ್ಲಿಗೇ ನಿಂತುಬಿಟ್ಟಿತ್ತು. ಅದರಲ್ಲಿ ಬರೆದದ್ದನ್ನು ಉಳಿಸುವ ದಾರಿಯೇ ಇರಲಿಲ್ಲ, ಕಾಗದಕ್ಕೆ ನಕಲು ಮಾಡಿಕೊಳ್ಳಬೇಕಿತ್ತು. ಬ್ಯಾಲಿಯವರು ಟೇಪ್‌ರೆಕಾರ್ಡರಿಗೆ ಜೋಡಿಸುವ ಚಿಕ್ಕ ಸಾಧನವನ್ನು ಕೊಟ್ಟರು. ಅದು ಬಿಟ್‌ಗಳನ್ನು ಸದ್ದಾಗಿ ಬದಲಿಸಿ ಹೊರಕ್ಕೆ ಕಳಿಸುತ್ತಿತ್ತು, ವಾಪಸು ಬಂದ ಸದ್ದನ್ನು ಬಿಟ್‌ಗಳಾಗಿ ಬಿಡಿಸುತ್ತಿತ್ತು. ವೇಗ ಸೆಕೆಂಡಿಗೆ 300 ಬಿಟ್. ಜಾಗ ತುಂಬಿದ ಪ್ರೋಗ್ರಾಂ ಟೇಪಿಗೆ ಇಳಿಯಲು ಕನಿಷ್ಠ ಒಂದು ನಿಮಿಷ. ಮುಂದಿನ ಆವೃತ್ತಿಯಲ್ಲಿ ವೇಗ 2,000 ಬಿಟ್‌ಗೇರಿತು.

ಟೇಪಿಗೆ ಇಳಿಸುವುದೂ ಕೈಗೆ ಹತ್ತಬೇಕಾದ ವಿದ್ಯೆಯೇ. ದನಿ ಹೆಚ್ಚಾದರೆ ಸದ್ದು ಒಡೆಯುತ್ತದೆ, ಕಡಿಮೆಯಾದರೆ ಯಂತ್ರಕ್ಕೆ ಕೇಳಿಸುವುದಿಲ್ಲ. ರೆಕಾರ್ಡರಿನ ಹೆಡ್ಡು ಕೂದಲೆಳೆಯಷ್ಟು ಓರೆಯಾದರೂ ಲೋಡ್ ಆಗುವುದಿಲ್ಲ. ಚಿಕ್ಕ ತಿರುಪು ತಿರುಗಿಸಿ ಸರಿಪಡಿಸಬೇಕು. ಕ್ಯಾಸೆಟ್ಟಿನ ತುದಿಯ ಬಣ್ಣದ ಪಟ್ಟಿ ದಾಟಿದ ಮೇಲೆ ಶುರು ಮಾಡಬೇಕು, ಕೌಂಟರಿನ ಅಂಕಿ ಬರೆದಿಡಬೇಕು, ಬೇಕಾದ ಪ್ರೋಗ್ರಾಮನ್ನು ಎರಡು ಸಲ ಇಳಿಸಬೇಕು.

ಈ ಹವ್ಯಾಸಿಗಳನ್ನು ಒಂದು ಬಳಗವಾಗಿ ಕಟ್ಟಿದ್ದು ‘ಆರ್ಕೇಡಿಯನ್’ ಎಂಬ ಪತ್ರಿಕೆ. ಬಾಬ್ ಫ್ಯಾಬ್ರಿಸ್ ಕ್ಯಾಲಿಫೋರ್ನಿಯಾದಿಂದ 1978ರಿಂದ 1986ರವರೆಗೆ ಅದನ್ನು ನಡೆಸಿದರು. ಓದುಗರು ತಾವು ಬರೆದ ಪ್ರೋಗ್ರಾಂ ಕಳಿಸುತ್ತಿದ್ದರು. ಅಚ್ಚಾದದ್ದನ್ನು ಬೇರೆಯವರು ಆ 24 ಗುಂಡಿಗಳಲ್ಲೇ ಒತ್ತಿ ತಮ್ಮ ಟೇಪಿಗೆ ಇಳಿಸಿಕೊಳ್ಳುತ್ತಿದ್ದರು. ಕಂಪನಿ ಕೈಬಿಟ್ಟ ಯಂತ್ರವನ್ನು ಓದುಗರೇ ವರ್ಷಗಟ್ಟಲೆ ಬದುಕಿಸಿದ್ದು ಸಣ್ಣ ಮಾತಲ್ಲ.

ಟೇಪಿನ ಕಾಂತೀಯ ಲೇಪ ಈಗ ಉದುರುತ್ತಿದೆ. ಉಳಿಸಬೇಕೆಂದಿರುವವರು ಹಳೆಯ ಕ್ಯಾಸೆಟ್ಟನ್ನು ಒಳ್ಳೆಯ ಡೆಕ್‌ನಲ್ಲಿ ಹಾಕಿ, ಅದರ ಕೀಚಲು ಸದ್ದನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿ, ಅಲೆಯನ್ನು ಪರೀಕ್ಷಿಸಿ, ಮಾಸಿದ ಜಾಗವನ್ನು ಅಚ್ಚಾದ ಪ್ರೋಗ್ರಾಮಿನ ಜೊತೆ ತಾಳೆ ನೋಡಿ ತುಂಬುತ್ತಾರೆ. ಮೂಲ ಯಂತ್ರ ಇಟ್ಟುಕೊಂಡವರು ಕಂಪ್ಯೂಟರಿನ ಹೆಡ್‌ಫೋನ್ ತೂತಿಗೆ ತಂತಿ ಸಿಕ್ಕಿಸಿ, ಅದೇ ಸದ್ದನ್ನು ಯಂತ್ರಕ್ಕೆ ಹಾಯಿಸಿ ಲೋಡ್ ಮಾಡಿಕೊಳ್ಳುತ್ತಾರೆ.